ಧೂಮಕೇಶಿಯ ಮಗಳು

ಹೋದ ಚಳಿಗಾಲದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಗೊಟಗೋಡಿಗೆ ಹೋಗಿದ್ದೆ. ಶಿಗ್ಗಾವಿಯ ನಮ್ಮ ಮನೆಯಿಂದ ಅದೇನು ದೂರವಲ್ಲ. ಅಲ್ಲಿನ ಶಿಲ್ಪಗಳ ತೋಟದಲ್ಲಿ ಇಬ್ಬರು ಒಂದು ಗೊಂಬೆಯ ಮುಖಕ್ಕೆ ಹೊಸದಾಗಿ ಹಳದಿ ಬಣ್ಣ ಬಳಿಯುತ್ತಿದ್ದರು. ಒಬ್ಬ ಕೆಲಸ ಮುಗಿಸಿ ಅಂಗೈಗೆ ಕೊಬ್ಬರಿ ಎಣ್ಣೆ ಸುರುವಿಕೊಂಡು ಬೆರಳಿಗೆ ಹತ್ತಿದ ಬಣ್ಣ ತಿಕ್ಕುತ್ತಿದ್ದ. ಬಣ್ಣ, ಎಣ್ಣೆ ಎರಡರ ವಾಸನೆಯೂ ಬಿಸಿಲಿಗೆ ಬೆರೆತು ಮೂಗಿಗೆ ಬಂದಾಗ ನಾನು ನಿಂತಲ್ಲೇ ನಿಂತುಬಿಟ್ಟೆ.

"ಯಾಕ ನಿಂತಿ?" ಎಂದು ಮೊಮ್ಮಗಳು ಕೈ ಜಗ್ಗಿದಳು.

"ನಮ್ಮಪ್ಪನ ವಾಸನಿ ಬಂತವ್ವಾ" ಎಂದೆ. ಅವಳು ನಕ್ಕಳು.

ನಮ್ಮಪ್ಪ ದೊಡ್ಡಾಟದಲ್ಲಿ ರಕ್ಕಸಿಯ ಪಾತ್ರ ಮಾಡುತ್ತಿದ್ದ. ಹೆಸರು ಫಕ್ಕೀರಪ್ಪ. ಯಲವಿಗಿ ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರದ ಹಳ್ಳಿ ನಮ್ಮದು. ಸವಣೂರ ದಾರಿಯಲ್ಲಿ ಒಂದು ಸಣ್ಣ ಎಲೆಬಳ್ಳಿ ತೋಟ ಇತ್ತು. ವರ್ಷವಿಡೀ ಅಪ್ಪ ಬಳ್ಳಿ ಕಟ್ಟುತ್ತ, ನೀರು ಹಾಯಿಸುತ್ತ, ಎಲೆ ಬಿಡಿಸುತ್ತ ಇರುತ್ತಿದ್ದ. ಸುಗ್ಗಿಯಲ್ಲಿ ಮಾತ್ರ ಮುಖಕ್ಕೆ ಬಣ್ಣ ಬೀಳುತ್ತಿತ್ತು. ಆ ಕಾಲಕ್ಕೆ ಆಟದ ಹೆಣ್ಣು ಪಾತ್ರಗಳನ್ನೆಲ್ಲ ಗಂಡಸರೇ ಮಾಡುವುದು. ತೆಳ್ಳಗೆ ಬೆಳ್ಳಗೆ ಇದ್ದವರಿಗೆ ರಾಣಿ, ರಾಜಕುಮಾರಿ. ಅಪ್ಪ ಆರಡಿ ಮೀರಿದ ಆಳು, ಗಂಟಲು ಗುಡುಗು. ಅವನ ಪಾಲಿಗೆ ಯಾವಾಗಲೂ ರಕ್ಕಸಿಯೇ.

ನಾನು ಹುಟ್ಟಿದ ದಿನವೇ ಅವ್ವ ತೀರಿಕೊಂಡಳು. ನಮ್ಮ ಕಡೆ ಹೆತ್ತವಳಿಗೆ ಅವ್ವ ಅನ್ನುತ್ತೇವೆ, ಅವ್ವನ ತಾಯಿಗೆ ಅಮ್ಮ. ಅಮ್ಮ ಹಿರೇಕೆರೂರಿನಿಂದ ಓಡಿ ಬಂದು ಮಗಳ ಹೆಣ ನೋಡಿದಳಂತೆ. ಯಾರೋ ನನ್ನನ್ನು ಮೊರದಲ್ಲಿ ಹಾಕಿ ಅವಳ ಮುಂದೆ ತಂದರಂತೆ. ಅಮ್ಮ ಮುಖ ತಿರುವಿದಳು. "ತಾಯಿನ್ನ ತಿಂದ ಹುಟ್ಟೇತಿ ಇದು. ನನ್ನ ಕಣ್ಣಮುಂದ ತರಬ್ಯಾಡ್ರಿ" ಎಂದಳು. ಮಣ್ಣು ಮುಗಿಸಿಕೊಂಡು ಊರಿಗೆ ಹೋದವಳು ಮತ್ತೆ ನಮ್ಮ ಹೊಸ್ತಿಲಿಗೆ ಬರಲಿಲ್ಲ.

ಆ ಮಾತನ್ನು ಅಪ್ಪ ನಮ್ಮ ಮನೆಯೊಳಗೆ ಯಾರಿಗೂ ಆಡಗೊಡಲಿಲ್ಲ. ಒಮ್ಮೆ ಹಾಲು ಹಾಕಲು ಬರುತ್ತಿದ್ದ ಹೆಂಗಸು ನನ್ನ ತಲೆ ಸವರಿ, ಕನಿಕರದಿಂದಲೇ ಹಾಗೆ ಅಂದಳಂತೆ. ಅಪ್ಪ ಬೈಯಲಿಲ್ಲ, ಜಗಳಾಡಲಿಲ್ಲ. ಮರುದಿನದಿಂದ ಅವಳ ಕಡೆ ಹಾಲು ಹಾಕಿಸಿಕೊಳ್ಳುವುದು ನಿಲ್ಲಿಸಿದ.

ನನಗೆ ಮೊಲೆಹಾಲು ಕುಡಿಸಿದವಳು ಪಕ್ಕದ ಮನೆಯ ಹುಸೇನಬಿ. ಆಕೆಗೂ ಆಗ ಕೈಗೂಸು ಇತ್ತು. ಅಪ್ಪ ನನ್ನನ್ನು ಹೆಗಲ ಪಂಚೆಯಲ್ಲಿ ಸುತ್ತಿಕೊಂಡು ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದನಂತೆ. "ನಿಮ್ಮಪ್ಪ ಬಾಯಿಬಿಟ್ಟು ಕೇಳತಿದ್ದಿಲ್ಲ ಬೇಟಾ. ಬಾಗಿಲ ಮುಂದ ಎತ್ತ ನಿಂತಂಗ ನಿಂತಿರತಿದ್ದ. ನಾನ ಬಂದ ಎಳದ ತಗೋತಿದ್ದೆ" ಎಂದು ಆಕೆ ಎಷ್ಟೋ ಸಲ ಹೇಳುತ್ತಿದ್ದಳು. ಹಾಲು ಬಿಟ್ಟ ಮೇಲೆ ಉಣ್ಣಿಸುವುದು, ಎರೆಯುವುದು, ತಲೆ ಬಾಚಿ ಹೆಣೆಲು ಹಾಕುವುದು ಎಲ್ಲ ಅಪ್ಪನೇ. ಬಳ್ಳಿ ಕಟ್ಟಿ ಕಟ್ಟಿ ಪಳಗಿದ ಕೈ. ನನ್ನ ಹೆಣೆಲು ಬಿಚ್ಚಬೇಕಾದರೆ ಸಂಜೆಗೆ ಒದ್ದಾಡಬೇಕಿತ್ತು, ಅಷ್ಟು ಬಿಗಿ.

ಊರ ಮಕ್ಕಳೆಲ್ಲ ಅಪ್ಪನ ವೇಷ ಕಂಡರೆ ತಾಯಂದಿರ ಸೆರಗಿಗೆ ಓಡುತ್ತಿದ್ದವು. ನಾನು ಅವನತ್ತಲೇ ಓಡುತ್ತಿದ್ದೆ. ಆಟ ಮುಗಿದ ಬೆಳಗ್ಗೆ ಪುಂಡಿನಾರಿನ ಕರಿ ಜಡೆ, ಕೋರೆ ಹಲ್ಲು, ಹಳದಿ ಮುಖ ಹಾಗೇ ಇಟ್ಟುಕೊಂಡು ನನ್ನನ್ನು ಎತ್ತಿಕೊಂಡು ಮನೆಗೆ ಬರುತ್ತಿದ್ದ. ಅದು ಅಪ್ಪನೇ ಎಂದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಎಲ್ಲರಿಗೂ ಒಬ್ಬ ಅವ್ವ ಇರುತ್ತಾಳೆ, ನನ್ನ ಅವ್ವ ಇವಳು, ಸುಗ್ಗಿಗೆ ಮಾತ್ರ ಬರುತ್ತಾಳೆ ಎಂದುಕೊಂಡಿದ್ದೆ. ಒಂದನೇ ಇಯತ್ತೆಯಲ್ಲಿ ಪಾಠ ಹೇಳುವ ಅಕ್ಕೋರು ಒಬ್ಬೊಬ್ಬರನ್ನೇ ಎಬ್ಬಿಸಿ ತಾಯಿಯ ಬಗ್ಗೆ ಹೇಳಿಸುವಾಗ ನಾನು ಎದ್ದು ನಿಂತು, "ನಮ್ಮವ್ವಗ ಕ್ವಾರಿ ಹಲ್ಲ ಅದಾವ್ರಿ" ಎಂದೆ. ಸಾಲೆಗೆ ಸಾಲೆಯೇ ನಕ್ಕಿತು. ಅಕ್ಕೋರು ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡರು.

ನಾನು ಹೇಳಹೊರಟದ್ದು ಎಪ್ಪತ್ತರ ದಶಕದ ಕೊನೆಯ ಒಂದು ಸುಗ್ಗಿಯ ಕಥೆ. ನನಗಾಗ ಹದಿಮೂರು. ಊರಿನಲ್ಲಿ ಏಳನೇ ಇಯತ್ತೆಯವರೆಗೆ ಮಾತ್ರ ಸಾಲೆ ಇತ್ತು. ಅದು ಮುಗಿಸಿ ಮನೆಯಲ್ಲಿದ್ದೆ. ಹೈಸ್ಕೂಲಿಗೆ ಸವಣೂರಿಗೆ ನಡೆದು ಹೋಗಬೇಕು. ಗಂಡುಹುಡುಗರು ಹೋಗುತ್ತಿದ್ದರು. ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ಹಳೇ ಪುಸ್ತಕಗಳನ್ನೇ ತಿರುವಿ ಹಾಕುತ್ತ, ಅಪ್ಪನಿಗೆ ತೋಟದಲ್ಲಿ ಕೈ ಆಸರೆಯಾಗಿ ಇದ್ದೆ.

ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಪ್ಪ ಹೊರಗೆ ಎಮ್ಮೆಗೆ ಮೇವು ಹಾಕುತ್ತಿದ್ದ.

"ಏನಾತವ್ವಾ? ಹೊಟ್ಟಿ ನೋಯಾಕತ್ತೈತೇನ?"

ನಾನು ಒಳಗಿನಿಂದ ಅಗುಳಿಯನ್ನೂ ಹಾಕಿದೆ.

"ಚೇಳ ಗೀಳ ಕಡೀತೇನ? ಬಾಗಲಾ ತಗಿ."

"ತಗಿಯಂಗಿಲ್ಲ. ಹುಸೇನಬೀನ ಕರಿ" ಎಂದೆ.

ಹೊರಗೆ ಮೇವಿನ ಹೊರೆ ಬಿದ್ದ ಸದ್ದಾಯಿತು. ಆಮೇಲೆ ಅವನು ಓಡುವುದು ಕೇಳಿಸಿತು. ಹುಸೇನಬಿ ಬಂದು, ಮಾಡಬೇಕಾದ್ದು ಮಾಡಿ, ಹೇಳಬೇಕಾದ್ದು ಹೇಳಿ, ಹೊರಗೆ ಹೋಗಿ, "ಅಳಬ್ಯಾಡೋ ಫಕ್ಕೀರಪ್ಪ, ಖುಷಿ ಸುದ್ದಿ ಐತಿ. ಹುಡಿಗಿ ದೊಡ್ಡಾಕಿ ಆದ್ಲು" ಎಂದಳು. ಅಪ್ಪ ಆಗಿಂದಾಗ ಸವಣೂರಿಗೆ ಹೋದ. ಮಧ್ಯಾಹ್ನ ಬರುವಾಗ ಹಸಿರು ಬಳೆ, ಕೊಬ್ಬರಿ, ಬೆಲ್ಲ, ತುಪ್ಪ, ನನಗೆ ಎರಡು ಸುತ್ತು ಬರುವಷ್ಟು ದೊಡ್ಡ ಸೀರೆ, ಜೊತೆಗೆ ಒಂದು ಛತ್ರಿ ತಂದಿದ್ದ. ಛತ್ರಿ ಯಾಕೆಂದು ಹುಸೇನಬಿ ಕೇಳಿದಳು. "ಅಂಗಡ್ಯಾಗ ಏನ ಬೇಕು ಅಂದ್ರು. ನನಗ ತಿಳೀಲಿಲ್ಲಕ್ಕಾ. ಇದನ್ನೂ ಕೊಡ್ರಿ ಅಂದೆ" ಎಂದ.

ಅವತ್ತು ಅಪ್ಪ ನನ್ನ ಕೋಣೆಯ ಬಾಗಿಲ ಹೊರಗೆ ಗೋಡೆಗೆ ಒರಗಿ ಬಹಳ ಹೊತ್ತು ಕೂತಿದ್ದ. ಕೊನೆಗೆ ಅಂದ: "ನಿಮ್ಮವ್ವ ಇದ್ದಿದ್ರ ಏನೇನರ ಹೇಳತಿದ್ಲು. ನನಗ ಏನ ಹೇಳಬೇಕು ತಿಳೀವಲ್ದವ್ವಾ. ಹಸಿವಾದ್ರ ಹೇಳು."

ಇಂಥ ಸುದ್ದಿ ಅವ್ವನ ತವರಿಗೆ ಮುಟ್ಟಿಸಬೇಕು. ಅದು ರೂಢಿ. ಅಪ್ಪ ಮುಟ್ಟಿಸಿದ. ಯಾರೂ ಬರಲಾರರು ಎಂದುಕೊಂಡಿದ್ದೆವು. ಅಮ್ಮ ಬಂದಳು.

ಸಣ್ಣ ಆಳು, ಬಾಗಿದ ಬೆನ್ನು, ಕೈಯಲ್ಲಿ ಅಂಟಿನ ಉಂಡಿಯ ಡಬ್ಬಿ. ಚಕ್ಕಡಿಯಿಂದ ಇಳಿದವಳು ಸೀದಾ ಒಳಗೆ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ನೋಡಿದಳು, ನೋಡಿದಳು, ಕಣ್ಣು ತುಂಬಿದವು. "ಮೂಗು ನಮ್ಮ ಗಿರಿಜೀದು" ಎಂದಳು. ಗಿರಿಜಾ ನನ್ನ ಅವ್ವನ ಹೆಸರು. ನಾನು ಮಾತ್ರ ಕಲ್ಲಿನ ಹಾಗೆ ನಿಂತಿದ್ದೆ. ಮೊರದಲ್ಲಿ ಮಲಗಿದ್ದ ನನ್ನನ್ನು ನೋಡಿ ಈಕೆ ಏನಂದಿದ್ದಳೆಂದು ಊರ ಹುಡುಗಿಯರು ನನಗೆ ಯಾವತ್ತೋ ಹೇಳಿದ್ದರು.

ಅತ್ತೆ ಅಳಿಯ ಎದುರುಬದರಾಗಿ ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆರತಿ ಮುಗಿದ ಸಂಜೆ ಅಮ್ಮ ಒಳಗಿನ ಕಂಬಕ್ಕೆ ಮುಖ ಮಾಡಿ ಕೂತಳು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ನಾನು ನಡುವೆ.

"ಹುಡಿಗಿನ್ನ ನಾ ಕರಕೊಂಡ ಹೋಗ್ತೇನಿ ಅಂತ ಹೇಳವ್ವಾ ನಿಮ್ಮಪ್ಪಗ" ಎಂದಳು ಅಮ್ಮ. "ಹೆಣ್ಣಿನ ದಿಕ್ಕಿಲ್ಲದ ಮನ್ಯಾಗ ಇನ್ನ ಹೆಂಗ ಇರತಾಳ?"

ಅಪ್ಪನಿಗೆ ಎಲ್ಲ ಕೇಳಿಸುತ್ತಿತ್ತು. ಆದರೂ ನಾನು ಹೇಳುವವರೆಗೆ ಕಾದ. ನಾನು ಹೇಳಲಿಲ್ಲ. ಅವನೇ, "ಸಾಲಿಗೆ ಹಾಕ್ತಾರೇನ ಕೇಳವ್ವಾ" ಎಂದ.

"ನಮ್ಮ ಓಣಿ ದಾಟಿದ್ರ ಹೈಸ್ಕೂಲ್ ಐತಿ ಅಂತ ಹೇಳು. ಎಷ್ಟ ಕಲೀತಾಳ ಕಲೀಲಿ."

"ಮದಿವಿ ಮಾತ ತಗಿಯಂಗಿಲ್ಲ ಅಂತ ಹೇಳು."

"ಹುಡಿಗಿ ಹೂಂ ಅನ್ನೂತನಾ ತಗಿಯಂಗಿಲ್ಲ ಅಂತ ಹೇಳು."

ನಾನು ಅಪ್ಪನ ಬೆನ್ನನ್ನೇ ನೋಡುತ್ತಿದ್ದೆ. ಎತ್ತರದ ಬೆನ್ನು ಒಮ್ಮೆಲೇ ಇಳಿದ ಹಾಗೆ ಕಂಡಿತು. "ಈ ಸಲದ ಆಟ ಮುಗೀಲಿ. ಆಮ್ಯಾಗ ಕಳಸ್ತೇನಿ ಅಂತ ಹೇಳು" ಎಂದ.

ನಾನು ಎದ್ದು ನಿಂತು, "ನಾ ಎಲ್ಲೂ ಹೋಗೂದಿಲ್ಲ" ಎಂದೆ. "ನಾ ಹುಟ್ಟಿದ ದಿನಾ ಈಕಿ ಏನಂದ್ಲು ನನಗ ಗೊತ್ತೈತಿ."

ಅಮ್ಮ ಮರುದಿನ ಉಂಡಿಯ ಡಬ್ಬಿ ಅಲ್ಲೇ ಬಿಟ್ಟು ಹಿರೇಕೆರೂರಿಗೆ ಹೋದಳು.

ಆಟ ಕಲಿಸಲು ಪ್ರತಿ ವರ್ಷ ಹಾನಗಲ್ಲಿನಿಂದ ಸಂಗಯ್ಯ ಮಾಸ್ತರರು ಬರುತ್ತಿದ್ದರು. ಆ ವರ್ಷ ಅವರು ತಾವೇ ಕಟ್ಟಿದ ಹೊಸ ಆಟ ತಂದಿದ್ದರು. ಯಾವ ಪುರಾಣದಲ್ಲೂ ಇಲ್ಲದ ಕಥೆ. ಒಬ್ಬ ರಾಜನಿಗೆ ಕೆಟ್ಟ ನಕ್ಷತ್ರದಲ್ಲಿ ಮಗ ಹುಟ್ಟುತ್ತಾನೆ. ರಾಜ ಕೂಸನ್ನು ಅಡವಿಯಲ್ಲಿ ಬಿಡಿಸುತ್ತಾನೆ. ಅಲ್ಲಿ ಧೂಮಕೇಶಿ ಎಂಬ ರಕ್ಕಸಿ. ತಿನ್ನಬೇಕೆಂದು ಎತ್ತಿಕೊಂಡವಳಿಗೆ ಎದೆಯಲ್ಲಿ ಹಾಲು ಬರುತ್ತದೆ. ಸಾಕುತ್ತಾಳೆ. ಕೂಸು ಎಡವಿ ನಡೆಯುವಷ್ಟು ದೊಡ್ಡದಾದಾಗ ಬೇಟೆಗಾರರು ಕದ್ದೊಯ್ದು ಅರಮನೆ ಮುಟ್ಟಿಸುತ್ತಾರೆ. ಅವನು ಬೆಳೆದು ಪಟ್ಟಕ್ಕೆ ಬರುವ ಹೊತ್ತಿಗೆ, ಅಡವಿಯ ರಕ್ಕಸಿಯನ್ನು ಕೊಂದು ಬಂದರೆ ಮಾತ್ರ ಸಿಂಹಾಸನ ಎಂದು ರಾಜ ಹೇಳುತ್ತಾನೆ. ರಾಜಕುಮಾರನಿಗೆ ಏನೂ ನೆನಪಿಲ್ಲ. ಧೂಮಕೇಶಿ ಅವನನ್ನು ಕಂಡ ಕೂಡಲೇ ಗುರುತಿಸುತ್ತಾಳೆ. ಆದರೂ ಘನಘೋರ ಯುದ್ಧ ಆಗುತ್ತದೆ, ರಕ್ಕಸಿ ಸಾಯುತ್ತಾಳೆ, ಪಟ್ಟಾಭಿಷೇಕ, ಮಂಗಳ.

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಮಾಸ್ತರರ ಬರಹ ನೋಡಿ ನಾನು ಓದಬೇಕು, ಅವನು ಕೇಳಿ ಕಲಿಯಬೇಕು. ಬಳ್ಳಿಯ ನೆರಳಲ್ಲಿ ಕೂತು ಧೂಮಕೇಶಿಯ ಮಾತನ್ನೆಲ್ಲ ನಾನು ಓದಿ ಓದಿ ಹೇಳಿದೆ. ಅಪ್ಪ ಕೈಯಲ್ಲಿ ಎಲೆ ಜೋಡಿಸುತ್ತಲೇ ತಿರುಗಿ ಹೇಳುತ್ತಿದ್ದ. ಅವನ ಬಾಯಿಗೆ ಬರುವಷ್ಟರಲ್ಲಿ ನನ್ನ ಬಾಯಿಗೂ ಬಂದಿತ್ತು. ಒಂದಕ್ಷರ ಆಚೀಚೆ ಆದರೂ ನನಗೆ ಗೊತ್ತಾಗುತ್ತಿತ್ತು.

ಸಂಜೆ ಹನುಮಪ್ಪನ ಗುಡಿಯ ಮುಂದೆ ತಾಲೀಮು. ಪಕ್ಕದ ಕಣದಲ್ಲಿ ಕೆಂಪಗೆ ಹರವಿದ ಮೆಣಸಿನಕಾಯಿಯ ಘಾಟಿಗೆ ಹಾಡುವವರೆಲ್ಲ ಸೀನುತ್ತಿದ್ದರು. ಹೊಲದಿಂದ ಎಳೆ ಜೋಳದ ತೆನೆ ತಂದು ಕೆಂಡದಲ್ಲಿ ಸುಟ್ಟು ಬಡಿದು, ಆ ಸೀತನಿಯನ್ನು ಬೆಲ್ಲದ ಜೊತೆ ಮುಕ್ಕುತ್ತ ನಾವು ಹುಡುಗಿಯರು ದೂರದಲ್ಲಿ ಕೂತು ನೋಡುತ್ತಿದ್ದೆವು. ಒಂದು ಸಂಜೆ ಕೊನೆಯ ಯುದ್ಧ ಕಲಿಸುವಾಗ ಅಪ್ಪ ಗದೆ ಕೆಳಗಿಟ್ಟ.

"ಮಾಸ್ತರ್ರ, ಈಕಿ ಯಾಕ ಬಡದಾಡ್ತಾಳ್ರಿ? ಹಾಲು ಕುಡಿಸಿದ ಕೂಸ ಎದುರಿಗೆ ಬಂದು ನಿಂತಮ್ಯಾಗ ಗದಾ ಎತ್ತಾಕ ಕೈ ಹೆಂಗ ಬರತೈತ್ರಿ?"

ಮಾಸ್ತರರು ಸಿಟ್ಟಾಗಲಿಲ್ಲ. ತಾಳ ಬದಿಗಿಟ್ಟು ಯೋಚಿಸಿದರು. "ನೀ ಕೇಳೂದು ಬರೋಬರಿ ಐತಿ ಫಕ್ಕೀರಪ್ಪ. ಆದ್ರ ಆಕಿ ಸುಮ್ಮನ ಕುತಿಗಿ ಒಡ್ಡಿದ್ಲಂದ್ರ ಆ ಹುಡುಗ ಎಂಥಾ ವೀರ? ಕುರಿ ಕೊಯ್ದಂಗ ಆತಲ್ಲ. ಆ ಪಟ್ಟಕ್ಕ ಏನ ಕಿಮ್ಮತ್ತ ಉಳೀತು?"

ಅಪ್ಪ ಗದೆ ಎತ್ತಿಕೊಂಡ. ಆದರೆ ಮನಸ್ಸು ಬಿಚ್ಚಿ ಕುಣಿಯಲಿಲ್ಲ. ಅದಾದ ಮೇಲೆ ಹಲವು ದಿನ ಅವನು ಆ ವಿಚಾರದಲ್ಲೇ ಇದ್ದ. ಒಂದು ದಿನ ಬಳ್ಳಿ ಕಟ್ಟುತ್ತ ತಾನೇ ಮಾತು ತೆಗೆದ.

"ಮಾಸ್ತರ ಹೇಳಿದ್ದ ಖರೆ ಐತಿ ನೋಡವ್ವಾ. ಆಕಿ ಬಡದಾಡಬೇಕು. ಬಡದಾಡಲಿಲ್ಲಂದ್ರ ಊರ ಮಂದಿ ಅವನ್ನ ರಕ್ಕಸಿ ಸಾಕಿದ ಮಗಾ ಅಂತಾರ. ಆಕಿನ್ನ ಗೆದ್ದ ಹೋದ್ರ ರಾಜನ ಮಗಾ ಅಂತಾರ."

"ಹಂಗಾದ್ರ ಆಕಿ ಗೊತ್ತಿದ್ದೂ ಬಡದಾಡ್ತಾಳೇನಪ್ಪಾ?"

"ಗೊತ್ತಿದ್ದ. ಅಂವಗ ತನ್ನ ಮ್ಯಾಲ ಸಿಟ್ಟ ಬರೂವಂಗ ಬಡದಾಡ್ತಾಳ" ಎಂದ. ಆಮೇಲೆ ಬಾವಿಯ ನೀರಿನ ಮಾತು ತೆಗೆದ.

ಅವತ್ತಿನಿಂದ ಅವನ ಕುಣಿತಕ್ಕೆ ಬೇರೆಯೇ ಜೀವ ಬಂತು. ಮಾಸ್ತರರು ಸಂತೋಷಪಟ್ಟರು. ನನಗೆ ಮಾತ್ರ ಏನೋ ಸರಿ ಕಾಣಲಿಲ್ಲ. ಮನೆಯಲ್ಲಿ ಅಪ್ಪ ನನ್ನ ಮುಖ ನೋಡಿ ಮಾತಾಡುವುದು ಕಡಿಮೆ ಮಾಡಿದ್ದ. ಹಿರೇಕೆರೂರಿನ ಮಾತು ಬಂದಾಗಲೆಲ್ಲ ನಾನು ತಟ್ಟೆ ಸರಿಸಿ ಏಳುತ್ತಿದ್ದೆ.

ನಿಜ ಹೇಳಬೇಕೆಂದರೆ ನನಗೆ ಹೈಸ್ಕೂಲಿನ ಆಸೆ ಇತ್ತು. ಬಹಳ ಇತ್ತು. ಆದರೆ ಅಪ್ಪ ಒಬ್ಬನೇ ಒಲೆ ಮುಂದೆ ಕೂತು ರೊಟ್ಟಿ ಬಡಿದುಕೊಳ್ಳುವುದು ಕಣ್ಣಿಗೆ ಕಟ್ಟಿದರೆ ಆ ಆಸೆ ಸತ್ತುಹೋಗುತ್ತಿತ್ತು. ಜೊತೆಗೆ ಅಮ್ಮನ ಆ ಮಾತು. ಅವಳ ಮನೆಯ ಅನ್ನ ನನ್ನ ಗಂಟಲಲ್ಲಿ ಇಳಿಯಲಾರದು ಎಂದು ಹುಸೇನಬಿಯ ಮುಂದೆ ಅತ್ತಿದ್ದೆ.

ಆಟಕ್ಕೆ ಕೆಲವೇ ದಿನ ಉಳಿದಿದ್ದವು. ಬುತ್ತಿ ಹೊತ್ತು ತೋಟಕ್ಕೆ ಹೋದೆ. ಬದುವಿನ ಮೇಲೆ ಇರುವಾಗಲೇ ಬಳ್ಳಿಗಳ ಒಳಗಿನಿಂದ ಅಪ್ಪನ ರಕ್ಕಸಿ ದನಿ ಕೇಳಿಸಿತು. ಪಾತ್ರ ಅಭ್ಯಾಸ ಮಾಡುತ್ತಿದ್ದಾನೆ, ತಪ್ಪಿದರೆ ಹೇಳಿಕೊಡೋಣ ಎಂದು ನಿಂತು ಕಿವಿಗೊಟ್ಟೆ.

"ಹೋಗು! ನೀ ಹುಟ್ಟಿದಾಗಿಂದ ನನಗ ಒಂದ ದಿನಾ ಸುಖ ಇಲ್ಲ. ನಿನ್ನ ಸಲುವಾಗಿ ನನ್ನ ಬಾಳೇ ಮಣ್ಣಾತು."

ಇಂಥ ಮಾತು ಆಟದಲ್ಲಿ ಇರಲಿಲ್ಲ. ಧೂಮಕೇಶಿ ಇದನ್ನು ಯಾರಿಗೂ ಹೇಳುವುದಿಲ್ಲ.

"ಹೋಗು ಹೋಗು. ತಾಯಿ..." ದನಿ ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದ. "ಹೋಗು! ನೀ ಹುಟ್ಟಿದಾಗಿಂದ..." ಎಂದು ಏರಿದ ದನಿ ಅದೇ ಜಾಗಕ್ಕೆ ಬಂದು, "ತಾಯಿನ್ನ..." ಎನ್ನುವಲ್ಲಿಗೆ ಕಡಿದುಹೋಯಿತು. ಎಲೆಗಳ ಸಂದಿಯಿಂದ ನೋಡಿದೆ. ಅಪ್ಪ ನುಗ್ಗೆ ಗಿಡಕ್ಕೆ ಅಂಗೈ ಬಡಿದುಕೊಂಡ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಪಂಚೆಯಿಂದ ಮುಖ ಮುಚ್ಚಿಕೊಂಡ.

ಅದು ನನಗಾಗಿ ಕಟ್ಟಿದ ಮಾತು ಎಂದು ಆಗ ತಿಳಿಯಿತು. ನಾನು ಸಿಟ್ಟಾಗಿ ಹೊರಟು ಹೋಗಲಿ ಎಂದು, ಹದಿಮೂರು ವರ್ಷ ಯಾರಿಗೂ ಆಡಗೊಡದ ಮಾತನ್ನು ತನ್ನ ಬಾಯಿಂದಲೇ ಆಡಲು ಹೊರಟಿದ್ದ.

ಬದುವಿನ ಆ ತುದಿಗೆ ಹಿಂದಕ್ಕೆ ಹೋಗಿ, ಅಲ್ಲಿಂದ, "ಅಪ್ಪಾ, ಬುತ್ತಿ!" ಎಂದು ಕೂಗುತ್ತ ಬಂದೆ. ಅಪ್ಪ ನಗುತ್ತಲೇ ಎದುರಿಗೆ ಬಂದ.

"ಏನ ತಂದೀಯವ್ವಾ?"

"ಪುಂಡಿಪಲ್ಯ, ರೊಟ್ಟಿ." ಅವನು ಎರಡು ತುತ್ತು ತಿನ್ನುವವರೆಗೆ ಸುಮ್ಮನಿದ್ದೆ. "ಪಾತ್ರ ಬಾಯಿಗೆ ಬಂತೇನಪ್ಪಾ?"

"ಎಲ್ಲಾ ಬಂತು" ಎಂದ. ರೊಟ್ಟಿ ಮುರಿಯುತ್ತ, "ಒಂದ ಮಾತ ಬರವಲ್ದು" ಎಂದ.

ಸಂಜೆ ಹುಸೇನಬಿಗೆ ಎಲ್ಲ ಹೇಳಿದೆ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನೀ ಮೊದಲ ಹೇಳಿಬಿಡು ಬೇಟಾ, ಹೋಗ್ತೇನಿ ಅಂತ. ಆ ಮಾತ ಅಂವನ ಬಾಯಾಗ ಬರೂದ ಬ್ಯಾಡ" ಎಂದಳು. 'ಹೋಗ್ತೇನಿ' ಎನ್ನುವುದು ಒಂದೇ ಮಾತು. ಮನೆಗೆ ಬಂದು ಅಪ್ಪನ ಮುಂದೆ ನಿಂತವಳು, "ಊಟಕ್ಕ ಏಳಪ್ಪಾ" ಎಂದೆ. ಮರುದಿನವೂ ಆ ಮಾತು ಬಾಯಿಗೆ ಬರಲಿಲ್ಲ.

ಆಟದ ದಿನ ಅಮ್ಮ ಬಂದಳು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕಂಬಳಿ ಹಾಸಿಕೊಂಡು ಕೂತಳು. ಇನ್ನೊಂದು ಪಕ್ಕ ಹುಸೇನಬಿ. ಅಳಿಯನ ಪಾತ್ರ ಅಮ್ಮ ಅಲ್ಲಿಯವರೆಗೆ ನೋಡಿರಲಿಲ್ಲ. ಧೂಮಕೇಶಿ ಮೊದಲ ಸಲ ಆಟಕ್ಕೆ ಹಾಕಿದ ಅಟ್ಟದ ಮೇಲೆ ಹಾರಿ ಬಂದಾಗ, "ಶಿವನ!" ಎಂದು ನನ್ನ ತೋಳು ಹಿಡಿದಳು. ಕೂಸಿಗೆ ಹಾಲು ಕುಡಿಸುವ ಪದ ಬಂದಾಗ ಹಿಡಿತ ಸಡಿಲವಾಯಿತು. ತೋಳು ಬಿಡಲಿಲ್ಲ.

ಕೊನೆಯ ಯುದ್ಧಕ್ಕೆ ಮೂಡಲ ಕೆಂಪಾಗಿತ್ತು. ಅಪ್ಪ ಹಾಗೆ ಕುಣಿದದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅಟ್ಟದ ಹಲಗೆಗಳು ನೆಗೆಯುತ್ತಿದ್ದವು. ರಾಜಕುಮಾರನ ಪಾತ್ರ ಮಾಡಿದ ಶಿವನಗೌಡ ಆ ಗದೆಯ ಮುಂದೆ ನಿಜವಾಗಿ ಹೆದರಿದ್ದ, ನಿಜವಾಗಿ ಸಿಟ್ಟಾಗಿದ್ದ, ಅದರಿಂದ ಅವನೂ ಚೆನ್ನಾಗಿ ಕುಣಿದ. ಕಡೆಗೆ ಕತ್ತಿ ಬಿತ್ತು. ಧೂಮಕೇಶಿ ಮೊಣಕಾಲೂರಿ, ಪಕ್ಕಕ್ಕೆ ಉರುಳಿದಳು. ಜನ ಸಿಳ್ಳೆ ಹಾಕಿದರು. ಬರಹದ ಪ್ರಕಾರ ಆಕೆ ಒಂದು ಸಲ ಗರ್ಜಿಸಿ ಕಣ್ಣು ಮುಚ್ಚಬೇಕು.

ಗರ್ಜನೆ ಬರಲಿಲ್ಲ. ಧೂಮಕೇಶಿ ತಲೆ ಎತ್ತಿ, ಮುಂದೆ ನಿಂತ ರಾಜಕುಮಾರನನ್ನು ಮೇಲಿಂದ ಕೆಳಗೆ ನೋಡಿ, ರಕ್ಕಸಿಯದಲ್ಲದ ದನಿಯಲ್ಲಿ, ನಮ್ಮ ಮನೆಯ ದನಿಯಲ್ಲಿ, ಕೇಳಿದಳು:

"ಉಂಡಿಯೇನಪಾ?"

ಮದ್ದಳೆ ನಿಂತಿತು. ಶಿವನಗೌಡ ರಾತ್ರಿಯಿಡೀ ಕುಣಿದು ದಣಿದಿದ್ದ ಹುಡುಗ. ಬಾಯಿತಪ್ಪಿ, "ಇಲ್ಲವ್ವಾ" ಎಂದುಬಿಟ್ಟ.

ಅಂದ ಮೇಲೆ ಅವನಿಗೇ ಗೊತ್ತಾಯಿತು. ಕತ್ತಿ ಕೈಯಿಂದ ಜಾರಿತು. ಮಾಸ್ತರರು ತಾಳವನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದರು, ತಿದ್ದಲು ಹೋಗಲಿಲ್ಲ. ಶಿವನಗೌಡ ಕೂತು ರಕ್ಕಸಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೆಂಗಸರ ಸಾಲಿನಲ್ಲಿ ಅಳು ಎದ್ದಿತು. ಆ ವರ್ಷ ಪಟ್ಟಾಭಿಷೇಕದ ಪದವನ್ನು ಯಾರೂ ಸರಿಯಾಗಿ ಕೇಳಲಿಲ್ಲ.

ಬೆಳಕು ಹರಿದಿತ್ತು. ಸಾಲೆಯ ಒಂದು ಕೋಣೆಯಲ್ಲಿ ಬಣ್ಣ ತೆಗೆಯುತ್ತಿದ್ದರು. ಅಮ್ಮ ನನ್ನ ಕೈ ಹಿಡಿದುಕೊಂಡು ಸೀದಾ ಅಲ್ಲಿಗೆ ನಡೆದಳು. ಉಳಿದವರು ಹೊರಗೆ ಚಹಾಕ್ಕೆ ಹೋಗಿದ್ದರು. ಅಪ್ಪ ಒಬ್ಬನೇ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಮುಖ ಒರೆಸಿಕೊಂಡಿದ್ದ. ಅತ್ತೆಯನ್ನು ಕಂಡವನೇ ಧಡಕ್ಕನೆ ಎದ್ದು ಗೋಡೆಗೆ ತಿರುಗಿದ. ಆಮೇಲೆ ಏನೋ ನಿಶ್ಚಯ ಮಾಡಿದವನ ಹಾಗೆ ನನ್ನ ಕಡೆ ತಿರುಗಿದ. ಆ ದೊಡ್ಡ ದನಿ ತೆಗೆದ.

"ನಿಮ್ಮಮ್ಮ ಬಂದ್ರಲ್ಲ, ಹೋಗು! ನೀ ಹುಟ್ಟಿದಾಗಿಂದ ನನಗ ಒಂದ ದಿನಾ ಸುಖ ಇಲ್ಲ. ನಿನ್ನ ಸಲುವಾಗಿ ನನ್ನ..."

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

"ತಾಯಿನ್ನ... ತಾಯಿನ್ನ..." ಎಂದ. ಮತ್ತೆ "ತಾಯಿನ್ನ" ಎಂದ.

"ಸಾಕು!" ಎಂದಳು ಅಮ್ಮ.

ಅಪ್ಪ ನಿಲ್ಲಿಸಿದ. ಅಮ್ಮ ಮುಂದಕ್ಕೆ ಹೋದಳು. ಅಲ್ಲಿಯವರೆಗೆ ಅಳಿಯನ ನೆರಳನ್ನೂ ದಾಟದ ಹೆಂಗಸು, ಅವನ ಎದುರಿಗೆ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಆ ಮಾತ ನಂದು. ನೀ ಯಾಕ ಹೊರತೀಯೋ ಫಕ್ಕೀರಪ್ಪಾ? ನಾ ಆಡಿದ್ದು. ಹೊಟ್ಯಾಗಿನ ಬೆಂಕೀಗೆ ಆಡಿದೆ. ಆಡಿದ ದಿನದಿಂದ ಒಂದ ಹೊತ್ತ ನೆಟ್ಟಗ ಉಂಡಿಲ್ಲ ನಾ. ಬರಬೇಕಂದ್ರ ಯಾವ ಮುಖಾ ಇಟಗೊಂಡು ಬರಲಿ?" ನನ್ನ ಕಡೆ ತಿರುಗಿ, "ನೀ ಯಾರನ್ನೂ ತಿಂದಿಲ್ಲವ್ವಾ. ನೀ ಬಂದಿ, ಆಕಿ ಹೋದ್ಲು, ಅಷ್ಟ. ತಿಳೀಲಿಲ್ಲ ಈ ಮುದಿಕಿಗೆ" ಎಂದಳು.

ಅಪ್ಪ ಹಾಗೇ ನೆಲಕ್ಕೆ ಕೂತುಬಿಟ್ಟ. ದೊಡ್ಡ ಆಳು, ಸೀರೆ ಉಟ್ಟುಕೊಂಡು, ಅರ್ಧ ಮುಖ ಹಳದಿ, ಅರ್ಧ ಮುಖ ತನ್ನದು, ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅಮ್ಮ ಅವನ ಮುಂದೆ ಕೂತಳು. ಎಣ್ಣೆ ಬಟ್ಟಲಿಗೆ ಸೆರಗಿನ ತುದಿ ಅದ್ದಿ, ಉಳಿದ ಬಣ್ಣ ಒರೆಸತೊಡಗಿದಳು. ಹಣೆ, ಕೆನ್ನೆ, ಕಿವಿಯ ಹಿಂದೆ. "ಕಣ್ಣ ಮುಚ್ಚು, ಎಣ್ಣಿ ಹೋದೀತು" ಎಂದಳು. ಅವನು ಕಣ್ಣು ಮುಚ್ಚಿದ.

ನಾನೂ ಅವರ ಹತ್ತಿರ ಕೂತೆ. "ಅಪ್ಪಾ, ನಾ ಹೋಗಿ ಸಾಲಿ ಕಲೀತೇನಿ" ಎಂದೆ. ಅವನು ಕಣ್ಣು ಮುಚ್ಚಿಕೊಂಡೇ ಹೂಂ ಎಂದು ತಲೆ ಹಾಕಿದ.

ಎರಡು ದಿನ ಬಿಟ್ಟು ಹೊರಟೆವು. ಹುಸೇನಬಿ ನನ್ನ ಕೈಗೆ ಹೊಸ ಬಳೆ ಇಟ್ಟು, ಅಮ್ಮನಿಗೆ, "ಈಕಿ ರಾತ್ರಿ ಹೊದಿಕಿ ಒದೀತಾಳ, ನೋಡ್ರಿ" ಎಂದಳು. ಯಲವಿಗಿಯಲ್ಲಿ ರೈಲು ಹತ್ತುವಾಗ ಅಪ್ಪ ಎಲೆಯ ದೊಡ್ಡ ಪೆಂಡಿಯನ್ನು ಅಮ್ಮನ ಕೈಗೇ ಕೊಟ್ಟ, ನನ್ನ ಮುಖಾಂತರ ಅಲ್ಲ. ರೈಲು ಇಳಿದು, ಬಸ್ಸು ಹಿಡಿದು, ಹಂಸಭಾವಿ ದಾಟಿ ಹಿರೇಕೆರೂರು ಮುಟ್ಟುವವರೆಗೆ ನಾನು ಅತ್ತೆ. ಅಮ್ಮ ಸುಮ್ಮನಿರು ಅನ್ನಲಿಲ್ಲ. ತಾನೂ ಅತ್ತಳು.

ಮೊದಲ ತಿಂಗಳು ಕಷ್ಟವಾಯಿತು. ಅಮ್ಮ ಹಾಕುವ ಹೆಣೆಲು ಮಧ್ಯಾಹ್ನಕ್ಕೇ ಬಿಚ್ಚಿಹೋಗುತ್ತಿತ್ತು. ರಾತ್ರಿ ಎಚ್ಚರವಾದರೆ ಅವಳು ನನ್ನ ಹೊದಿಕೆ ಸರಿಮಾಡುತ್ತ ಕೂತಿರುತ್ತಿದ್ದಳು. ಅಪ್ಪ ಅಮಾಸೆಗೊಮ್ಮೆ ಎಲೆಯ ಪೆಂಡಿ ಹೊತ್ತು ಬರುತ್ತಿದ್ದ. ಬಂದಾಗ ಅತ್ತೆ ಅಳಿಯ ಇಬ್ಬರೂ ಎದುರುಬದರಾಗಿ ಕೂತು ಎಲೆ ಹಾಕಿಕೊಂಡು ಅವ್ವನ ಸಣ್ಣಂದಿನ ಮಾತಾಡುತ್ತಿದ್ದರು. ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಅಮ್ಮ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಅಲ್ಲೇ ಹೈಸ್ಕೂಲು ಮುಗಿಸಿದೆ, ಮುಂದೆ ಟ್ರೇನಿಂಗ್ ಆಯಿತು, ಶಿಗ್ಗಾವಿ ತಾಲೂಕಿನಲ್ಲಿ ಅಕ್ಕೋರಾದೆ.

ಆದರೆ ನನಗೆ ಹೆಚ್ಚು ನೆನಪಾಗುವುದು ಮರುವರ್ಷದ ಸುಗ್ಗಿ. ಸಂಗಯ್ಯ ಮಾಸ್ತರರ ಆಟದ ಸುದ್ದಿ ಹಬ್ಬಿ ನಮ್ಮೂರ ಮೇಳಕ್ಕೆ ಹಿರೇಕೆರೂರಿನವರು ವೀಳ್ಯ ಕೊಟ್ಟು ಆಟಕ್ಕೆ ಕರೆಸಿದರು. ಅಮ್ಮ ಸಂಜೆಯಿಂದಲೇ ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿಸಿ ಜಾಗ ಹಿಡಿದಳು. ಬೆಳಗ್ಗೆ ಮಂಗಳ ಆಗಿ ಜನ ಏಳುತ್ತಿದ್ದರು. ಪಕ್ಕದಲ್ಲಿ ಕೂತ ಒಬ್ಬ ಹೆಂಗಸು ಕಣ್ಣು ಮೂಗು ಒರೆಸಿಕೊಳ್ಳುತ್ತ ಕೇಳಿದಳು:

"ಆ ಧೂಮಕೇಶಿ ಪಾತ್ರದವರು ನಿಮಗ ಬೇಕಾದವರೇನ್ರಿ? ಆಗಿಂದ ನೋಡಾಕತ್ತೇನಿ, ಅವರು ಬಂದಾಗೊಮ್ಮೆ ನೀವು ಎದ್ದ ಎದ್ದ ಕುಂತ್ರಿ. ಏನಾಗಬೇಕು ನಿಮಗ?"

ಅಮ್ಮ ಕಂಬಳಿ ಮಡಚುತ್ತಿದ್ದವಳು ತಲೆ ಎತ್ತದೆ, "ಈಕಿ ಅವ್ವ" ಎಂದು ನನ್ನ ಕಡೆ ಕೈ ತೋರಿಸಿದಳು.

ಆ ಹೆಂಗಸು ಬೆರಗಾಗಿ ನನ್ನನ್ನು ನೋಡಿದಳು. ತಾನು ಹೇಳಿದ್ದೇನೆಂದು ಅಮ್ಮನಿಗೆ ಆಗ ಹೊಳೆಯಿತು. ಕೈಯಲ್ಲಿನ ಕಂಬಳಿ ಹಾಗೇ ಹಿಡಿದು ಒಂದು ಕ್ಷಣ ನಿಂತಳು. ತಿದ್ದಲಿಲ್ಲ. ಕಂಬಳಿಯನ್ನು ನನ್ನ ಹೆಗಲಿಗೆ ಹೊರಿಸಿ, "ನಡಿ, ನೀರ ಕಾಸಬೇಕು" ಎಂದು ಮುಂದೆ ನಡೆದಳು.